ನೀರಿನ ವಯಸ್ಸು ಕೇಳಲು ಬಂದವರು

ನೀರಿಗೆ ವಯಸ್ಸಿರುತ್ತದೆ ಎಂದು ಮೊದಲ ಸಲ ಕೇಳಿದಾಗ ನಾನು ನಗಲಿಲ್ಲ. ಹೇಳಿದವರು ಬಿಳಿ ಜೀಪಿನಿಂದ ಇಳಿದಿದ್ದರು. ಬಿಳಿ ಜೀಪಿನಿಂದ ಇಳಿದವರ ಮಾತಿಗೆ ತಕ್ಷಣ ನಗಬಾರದು. ಎಷ್ಟು ದಿನ ಇರುತ್ತಾರೆ ಎಂದು ತಿಳಿದುಕೊಂಡು ಆಮೇಲೆ ನಗಬೇಕು. ವ್ಯಾಪಾರ ಮಾಡುವವರಿಗೆಲ್ಲ ನಾನು ಕೊಡುವ ಸಲಹೆ ಇದು, ಪುಕ್ಕಟೆ.

ನಮ್ಮ ದೇಶ ಮರಳುಗಾಡಿನಲ್ಲಿ ಬಾಂಬು ಸಿಡಿಸಿದ ಮರುವರ್ಷ ಅದು. ಬೈಲಹೊಂಗಲದಲ್ಲಿ ನನ್ನ ಮೋಟರ್ ಪಂಪಿನ ಅಂಗಡಿ ಆಗ ಚೆನ್ನಾಗಿ ಕುದುರಿಕೊಂಡಿತ್ತು. ರಸ್ತೆ ಬದಿಗೆ ಗೋಣಿಚೀಲ ಹಾಸಿಕೊಂಡು ಸುಟ್ಟ ಮೋಟರಿಗೆ ತಂತಿ ಸುತ್ತುತ್ತ ಶುರು ಮಾಡಿದವನು ನಾನು. ಆಮೇಲೆ ತಮಿಳುನಾಡಿನ ಬೋರ್ ಲಾರಿಗಳನ್ನು ಕರೆಸಿ ರೈತರ ಹೊಲದಲ್ಲಿ ಕೊರೆಸುವ ಕೆಲಸವನ್ನೂ ಹಿಡಿದೆ. ಕಿತ್ತೂರಿನಿಂದ ರಾಮದುರ್ಗದವರೆಗೆ ಯಾರ ಹೊಲದಲ್ಲಿ ಎಷ್ಟು ಅಡಿಗೆ ಕಲ್ಲು, ಎಷ್ಟು ಅಡಿಗೆ ನೀರು ಎಂದು ಬಾಯಿಪಾಠದಲ್ಲಿ ಹೇಳುತ್ತಿದ್ದೆ. ಬಂದವರಿಗೆ ಬೇಕಾಗಿದ್ದದ್ದು ನನ್ನ ಆ ಬಾಯಿಪಾಠ.

ಮೂರು ಜನ ಬಂದಿದ್ದರು. ಒಬ್ಬರು ನಮ್ಮ ರಾಜ್ಯದ ಇಲಾಖೆಯ ಅಧಿಕಾರಿ. ಅಂಗಡಿಯೊಳಗೆ ಬಂದವರೇ ಫ್ಯಾನಿನ ಕೆಳಗಿನ ಕುರ್ಚಿ ಹಿಡಿದರು. ಇನ್ನೊಬ್ಬರು ಮೈಸೂರು ಕಡೆಯ ಹೆಣ್ಣುಮಗಳು, ಯಾವುದೋ ದೊಡ್ಡ ಪ್ರಯೋಗಾಲಯದ ವಿಜ್ಞಾನಿ. ಓದಿದ ಹೆಣ್ಣುಮಗಳನ್ನು ನಮ್ಮ ಕಡೆ ಗೌರವದಿಂದ ‘ಬಾಯಿ’ ಎನ್ನುತ್ತೇವೆ, ನಾನೂ ಹಾಗೇ ಕರೆದೆ. ಮೂರನೆಯವರು ಪರದೇಶದ ತಜ್ಞರು. ಉದ್ದನೆಯ ಮನುಷ್ಯ, ಮೂಗಿಗೆ ಬಿಳಿ ಮುಲಾಮು, ತಲೆಗೆ ಬಟ್ಟೆಯ ಟೋಪಿ. ಯಾರು ಏನೇ ಹೇಳಿದರೂ ಎರಡು ಸಲ ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಚಹಾದವನಿಗೆ ‘ನಾಕ್ ಚಾ ತಾರೋ’ ಎಂದು ಕೂಗಿದ್ದನ್ನೂ ಬರೆದುಕೊಂಡರು ಎಂದು ನನಗೆ ಈಗಲೂ ಅನುಮಾನ.

ಅಧಿಕಾರಿ ಗಂಟಲು ಸರಿಮಾಡಿಕೊಂಡು ಹೇಳಿದರು: ‘ನೋಡ್ರಿ, ಇದು ಅಣುಶಕ್ತಿಯ ಶಾಂತಿಯುತ ಬಳಕೆ. ಹಿಂದುಳಿದ ದೇಶಗಳಿಗೆ ಅಂತರರಾಷ್ಟ್ರೀಯ ನೆರವು. ನಿಮ್ಮ ಭಾಗಕ್ಕ ಬಂದೈತಿ ಅಂದ್ರ ನಿಮ್ಮ ಪುಣ್ಯ.’

‘ಪುಣ್ಯ ಇರ್ಲಿ ಸಾಹೇಬ್ರ, ಅಣು ಎಲ್ಲಿ ಇಳಿಸ್ತೀರಿ? ಅಂಗಡ್ಯಾಗ ಜಾಗ ಇಲ್ಲ’ ಎಂದೆ.

ವಿಜ್ಞಾನಿ ಬಾಯಿ ನಕ್ಕುಬಿಟ್ಟರು. ಆಮೇಲೆ ಮೇಷ್ಟ್ರು ಹೇಳಿದ ಹಾಗೆ ಬಿಡಿಸಿ ಹೇಳಿದರು. ‘ಏನೂ ಇಳಿಸಲ್ಲ ಸ್ವಾಮಿ. ನಾವು ಬರೀ ಬಾಟಲಿ ತಂದಿದೀವಿ. ನಿಮ್ಮ ಬೋರ್‌ವೆಲ್ ನೀರು ತಗೊಂಡು ಹೋಗ್ತೀವಿ. ಅರವತ್ತನೇ ಇಸವಿಯ ಹಿಂದೆ ಮುಂದೆ ದೊಡ್ಡ ದೇಶಗಳು ಆಕಾಶದಲ್ಲಿ ಬಾಂಬು ಸಿಡಿಸಿ ಪರೀಕ್ಷೆ ಮಾಡಿದ್ವಲ್ಲ, ಅದರ ಒಂದು ಸಣ್ಣ ಗುರುತು ಪ್ರಪಂಚದ ಮಳೇಲೆಲ್ಲ ಇಳೀತು. ಕುಡಿಯೋದಕ್ಕೆ ಏನೂ ತೊಂದರೆ ಇಲ್ಲ, ಅಷ್ಟು ಸಣ್ಣದು. ಆ ಗುರುತು ಇದ್ದರೆ ನೀರು ಹೊಸದು, ಈಚಿನ ಮಳೇದು, ಮತ್ತೆ ಮತ್ತೆ ತುಂಬ್ಕೊಳ್ಳತ್ತೆ. ಇಲ್ಲದಿದ್ದರೆ ಹಳೇ ನೀರು. ನೂರಾರು, ಸಾವಿರಾರು ವರ್ಷದ್ದಿರಬಹುದು. ಎತ್ತಿದರೆ ಮುಗೀತು, ವಾಪಸ್ ಬರಲ್ಲ.’

ನಾನು ಸ್ವಲ್ಪ ಹೊತ್ತು ಲೆಕ್ಕ ಹಾಕಿದೆ. ‘ಅಂದ್ರ ಬಾಯಾರ, ಅವ್ರ ಮಾಡಿದ ಹೊಲಸು ನಮ್ಮ ನೀರಾಗ ಬಂದು ಮುಟ್ಟೇತೋ ಇಲ್ಲೋ ನೋಡ್ಕೊಂಡು ಬರ್ರಿ ಅಂತ ಅವ್ರ ರೊಕ್ಕ ಕೊಟ್ಟು ಕಳಿಸ್ಯಾರ. ಅದಕ್ಕ ನೆರವು ಅಂತಾರ.’

‘ಇಷ್ಟು ನೇರವಾಗಿ ನಾನು ವರದೀಲಿ ಬರೆಯೋಕಾಗಲ್ಲ’ ಎಂದರು ಬಾಯಿ. ಪರದೇಶದವರು ಏನೆಂದು ಕೇಳಿದರು. ಬಾಯಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವರು ನನ್ನ ಕಡೆ ನೋಡಿ ಸಂತೋಷದಿಂದ ಎರಡು ಸಲ ತಲೆಯಾಡಿಸಿ ಬರೆದುಕೊಂಡರು.

ಆಮೇಲೆ ನನ್ನ ಕೂಲಿಯ ಮಾತು. ಅಧಿಕಾರಿ ನನಗೆ ‘ಸಹಭಾಗಿತ್ವದ ಪ್ರಮಾಣಪತ್ರ’ ಕೊಡುವುದಾಗಿ ಹೇಳಿದರು. ಅದನ್ನು ಗೋಡೆಗೆ ಹಾಕಲು ಮೊಳೆಯನ್ನಾದರೂ ಕೊಡುತ್ತೀರೋ ಎಂದು ಕೇಳಿದೆ. ಕೊನೆಗೆ ಅವರು ಹೇಳಿದ ದಿನಗೂಲಿಗೇ ಒಪ್ಪಿಕೊಂಡೆ, ಚೌಕಾಸಿ ಮಾಡಲಿಲ್ಲ. ಸರಕಾರದವರ ಜೊತೆ ದರಕ್ಕೆ ಜಗಳ ಮಾಡುವವರು ಹುಡುಗಾಟದ ವ್ಯಾಪಾರಿಗಳು. ದರ ಅವರು ಬಿಡುವುದಿಲ್ಲ. ಆದರೆ ಮೂರು ದಿನದ ಕೆಲಸವನ್ನು ಹದಿನೈದು ದಿನ ಮಾಡುವುದು ಅವರ ಕೈಯಲ್ಲೇ ಇರುತ್ತದೆ, ಮತ್ತು ಅವರು ಅದನ್ನು ಖಂಡಿತ ಮಾಡುತ್ತಾರೆ. ಹಾಗೇ ಆಯಿತು. ಒಂದು ಇಡೀ ದಿನ ಕಿತ್ತೂರಿನ ಕೋಟೆ ನೋಡಿದೆವು. ಪರದೇಶದವರು ಬಿದ್ದ ಗೋಡೆಗಳ ಫೋಟೋ ತೆಗೆದರು. ಅಧಿಕಾರಿ ಅದನ್ನು ಡೈರಿಯಲ್ಲಿ ‘ಪ್ರಾಥಮಿಕ ಕ್ಷೇತ್ರ ಅಧ್ಯಯನ’ ಎಂದು ಬರೆದರು. ಇನ್ನೊಂದು ದಿನ ಬಿಳಿ ಜೀಪು ಸುರೇಬಾನದ ಹತ್ತಿರ ಎರೆಮಣ್ಣಿನಲ್ಲಿ ಹೂತು ನಿಂತಿತು. ಎರಡು ಜೋಡಿ ಎತ್ತು ಕಟ್ಟಿ ಎಳೆಸಬೇಕಾಯಿತು. ಎತ್ತಿನವನು ‘ಅಣುಶಕ್ತಿ ಹಚ್ಚಿ ಎಬ್ಬಸ್ರಲಾ’ ಎಂದು ನಗುತ್ತಲೇ ಹಗ್ಗ ಬಿಗಿದ.

ಈ ತಿರುಗಾಟದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಒಂದೇ ಊರಿನ ಮಾತು. ಮುರಗೋಡದಿಂದ ಒಳಗೆ ಹೋಗುವ ಸಣ್ಣ ಊರು ಅದು. ಊರ ಕೆಳಗೆ ಹಳ್ಳದ ದಂಡೆಯಲ್ಲಿ ಒಂದು ಹಳೆಯ ಸಿಹಿನೀರಿನ ಬಾವಿ. ಬೇಸಿಗೆಯಲ್ಲಿ ತಳ ಕಾಣುತ್ತಿತ್ತು. ಊರ ಮೇಲುಗಡೆ ಒಬ್ಬ ಮುದುಕಿಯ ಹೊಲದಲ್ಲಿ ನಾನೇ ಎರಡು ವರ್ಷದ ಹಿಂದೆ ಕೊರೆಸಿದ ಬೋರು. ಅದರಲ್ಲಿ ನೀರು ಧಾರಾಳ, ಆದರೆ ಸವುಳು, ಬಾಯಿಗಿಟ್ಟರೆ ಉಪ್ಪುಪ್ಪು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬಿಡುತ್ತಿರಲಿಲ್ಲ, ಚಹಾಕ್ಕೆ ಹಾಲು ಹಾಕಿದರೆ ಒಡೆದು ಹೋಗುತ್ತಿತ್ತು. ಹಾಗಾಗಿ ಆ ಊರಿನ ಪ್ರತಿ ಮನೆಯಲ್ಲಿ ನೀರಿಗೆ ಎರಡು ಜಾತಿ. ಸವುಳು ನೀರು ಹಿತ್ತಲಿನ ಸಿಮೆಂಟಿನ ತೊಟ್ಟಿಯಲ್ಲಿ, ದನಕ್ಕೆ, ಪಾತ್ರೆಗೆ, ಮೈಗೆ. ಸಿಹಿನೀರು ಒಲೆಯ ಪಕ್ಕದ ತಾಮ್ರದ ಕೊಡದಲ್ಲಿ, ಬೇಳೆಗೆ, ಚಹಾಕ್ಕೆ, ಬಂದವರಿಗೆ. ಮನೆಯವರೇ ಬೇಕಾದರೆ ಸವುಳು ಕುಡಿದಾರು. ಬಂದವರ ಕೈಗೆ ಮಾತ್ರ ಕೊಡುವುದಿಲ್ಲ. ಹೆಣ್ಣು ನೋಡಲು ಬಂದವರಿಗೆ ಯಾವಳೋ ಗಡಿಬಿಡಿಯಲ್ಲಿ ಹಿತ್ತಲಿನ ನೀರು ಕೊಟ್ಟು, ಅವರು ತಂಬಿಗೆ ಕೆಳಗಿಟ್ಟು ಎದ್ದು ಹೋದರಂತೆ ಎಂಬ ಕಥೆಯನ್ನು ಅಲ್ಲಿನ ಹೆಂಗಸರು ಸೊಸೆಯಂದಿರಿಗೆ ತಪ್ಪದೆ ಹೇಳುತ್ತಾರೆ.

ಹೊಲದ ಒಡತಿ ಮುದುಕಿಯನ್ನು ಊರವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಹೊಲ ಮನೆ ಎರಡನ್ನೂ ತಾನೇ ನಡೆಸಿದ ಹೆಂಗಸು. ಬೋರಿಗೆ ಮೋಟರ್ ಕೊಡುವಾಗ ನನ್ನ ಜೊತೆ ಅರ್ಧ ದಿನ ವಾದ ಮಾಡಿ, ಕೊನೆಗೆ ಸ್ಟಾರ್ಟರ್ ಡಬ್ಬಿ, ಐವತ್ತು ಅಡಿ ಕೇಬಲ್ಲು ಎರಡನ್ನೂ ಪುಕ್ಕಟೆಯಾಗಿ ಮೇಲೆ ಹಾಕಿಸಿಕೊಂಡವಳು. ನನ್ನ ವ್ಯಾಪಾರದಲ್ಲಿ ನಾನು ಗೌರವ ಕೊಟ್ಟ ಕೆಲವೇ ಗಿರಾಕಿಗಳಲ್ಲಿ ಒಬ್ಬಳು.

ಅಧಿಕಾರಿ ಊರವರನ್ನು ಕೂರಿಸಿ ವಿಷಯ ಹೇಳಿದರು. ಊರಿಗೆ ನಲ್ಲಿ ನೀರಿನ ಯೋಜನೆ ಮಂಜೂರಾಗುವುದಿತ್ತು. ಬೋರಿನ ನೀರು ಹೊಸದು ಎಂದು ಬಂದರೆ ಬೋರಿನ ಪಕ್ಕದಲ್ಲೇ ಎತ್ತರದ ಟ್ಯಾಂಕು ಕಟ್ಟಿ ಓಣಿ ಓಣಿಗೆ ನಲ್ಲಿ ಹಾಕುವುದು. ಹಳೆಯದು ಎಂದು ಬಂದರೆ ಅದನ್ನು ನಂಬುವ ಹಾಗಿಲ್ಲ. ಆಗ ಮಲಪ್ರಭೆ ಹೊಳೆಯಿಂದ ಪೈಪು ತರುವ ಊರುಗಳ ಪಟ್ಟಿಗೆ ಈ ಊರನ್ನು ಸೇರಿಸುವುದು. ಕೇಳಿದವರಿಗೆ ಮೊದಲನೆಯದು ಮಾತ್ರ ಕಿವಿಗೆ ಬಿತ್ತು. ಹೊಳೆಯ ಪೈಪು ಎಂಬುದನ್ನು ಅವರು ಎಷ್ಟೋ ಚುನಾವಣೆಗಳಿಂದ ಕೇಳುತ್ತ ಬಂದಿದ್ದರು.

ಬೋರಿನ ಹತ್ತಿರ ಹೋದಾಗ ಕರೆಂಟು ಇರಲಿಲ್ಲ. ಮೋಟರಿಗೆ ಬೇಕಾದ ಕರೆಂಟು ಮಧ್ಯಾಹ್ನ ಎರಡಕ್ಕೆ ಬರುವುದಿತ್ತು. ಅಧಿಕಾರಿಗೆ ಹಸಿವೆ. ಮುರಗೋಡಕ್ಕೆ ಹೋಗಿ ಊಟ ಮಾಡಿಕೊಂಡು ಬರೋಣ ಎಂದರು. ಬಾಯಿಗೆ ಮನಸ್ಸಿರಲಿಲ್ಲ, ಬಾಟಲಿ ತಾವೇ ತುಂಬಬೇಕು ಎಂದರು. ಅಧಿಕಾರಿ, ‘ಅರ್ಧ ತಾಸು ಮೋಟರ್ ಹಚ್ಚಿ ಬಾಟಲಿ ತುಂಬಸೂದು, ಅದ್ರಾಗೇನೈತಿ ಮೇಡಂ, ಊರ ಮಂದಿ ಮಾಡ್ತಾರ. ಇದಕ್ಕ ಜನರ ಪಾಲುದಾರಿಕೆ ಅಂತಾರ’ ಎಂದು ತೀರ್ಮಾನ ಮಾಡಿದರು. ನೀರಿನ ಉಪ್ಪು ಅಳೆಯುವ ಒಂದು ಸಣ್ಣ ಯಂತ್ರವೂ ಅವರ ಬಳಿ ಇತ್ತು, ಆದರೆ ಅದರ ಬ್ಯಾಟರಿ ಸತ್ತು ಮೂರು ದಿನವಾಗಿತ್ತು. ಅದು ನಮ್ಮ ಕಡೆ ಸಿಗುವ ಬ್ಯಾಟರಿಯಲ್ಲ, ಪರದೇಶದಿಂದಲೇ ಬರಬೇಕಂತೆ.

ಬಾಯಿ ಆಯಿಯ ಕೈಗೆ ಬಾಟಲಿ ಕೊಟ್ಟು ಮೂರು ಸಲ ಹೇಳಿದರು. ‘ಅಜ್ಜಿ, ಅರ್ಧ ಗಂಟೆ ಮೋಟರ್ ಓಡ್ಲಿ. ಆಮೇಲೆ ಕಂಠಮಟ್ಟ ತುಂಬಿಸಿ. ಒಂದೇ ಒಂದು ಗಾಳಿ ಗುಳ್ಳೆ ಇರಬಾರದು. ಗಟ್ಟಿಯಾಗಿ ಮುಚ್ಚಳ ಹಾಕಿ.’

‘ಎಲ್ಲಿಗೆ ಹೋಗ್ತೈತಿ ಯವ್ವಾ ಇದು?’

‘ವಿದೇಶಕ್ಕೆ ಅಜ್ಜಿ. ಅಲ್ಲಿ ಪರೀಕ್ಷೆ ಮಾಡ್ತಾರೆ.’

‘ಇಮಾನದಾಗ?’

‘ಹೂಂ, ವಿಮಾನದಲ್ಲೇ.’

ಆಯಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೊರಡುವ ಮುಂಚೆ ನಾನು ಹಿಂದೆ ಉಳಿದು, ನನಗೆ ಯಾರೂ ಕೇಳದ ಒಂದು ಸಲಹೆ ಕೊಟ್ಟೆ. ‘ಆಯಿ, ಕಾಳಜಿ ಮಾಡು. ಈ ಬಾಟ್ಲಿ ಪಾಸಾತಂದ್ರ ನಿಮ್ಮೂರಿಗೆ ಟ್ಯಾಂಕು.’

‘ನನಗ ಹೇಳ್ತಿಯೇನೋ ಮೋಟರ್ ಸಾವ್ಕಾರ? ಹೋಗು, ಉಂಡ ಬಾ’ ಎಂದಳು.

ಮೂರೂವರೆಗೆ ವಾಪಸು ಬಂದೆವು. ಬಾಟಲಿ ಕಟ್ಟೆಯ ಮೇಲೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿತ್ತು. ಬಾಯಿ ಬೋರಲು ಹಾಕಿ ನೋಡಿದರು. ಒಂದು ಗುಳ್ಳೆ ಇಲ್ಲ. ಪರದೇಶದವರು ‘ವೆರಿ ಗುಡ್’ ಎಂದು ಆಯಿಗೆ ಕೈ ಮುಗಿದರು, ಫೋಟೋ ತೆಗೆದರು. ಬಾಯಿ ಊರ ಹೆಸರು, ಬೋರಿನ ನಂಬರು ಬರೆದ ಚೀಟಿ ಅಂಟಿಸಿದರು. ಆಯಿ ಎಲ್ಲರಿಗೂ ಚಹಾ ಕೊಟ್ಟಳು. ಆ ಹದಿನೈದು ದಿನದಲ್ಲಿ ತುಂಬಿಸಿದ ಬಾಟಲಿಗಳಲ್ಲೆಲ್ಲ ಅದೇ ಮಾದರಿ ಬಾಟಲಿ ಎಂದು ಅಧಿಕಾರಿ ಸುರೇಬಾನದವರೆಗೆ ಹೇಳಿಕೊಂಡು ಹೋದರು.

ಬಾಟಲಿ ಹೋಯಿತು. ಹಿಂದೆಯೇ ಅಧಿಕಾರಿಯೂ ಯುರೋಪಿನ ಒಂದು ಊರಿಗೆ ಮೂರು ವಾರ ತರಬೇತಿಗೆ ಹೋದರು. ಅದೂ ನೆರವಿನಲ್ಲೇ. ಬರುವಾಗ ನನಗೆ ಚಾಕಲೇಟು ತಂದಿದ್ದರು. ಏನು ಕಲಿತಿರಿ ಎಂದು ಕೇಳಿದ್ದಕ್ಕೆ, ‘ಬಾಟಲಿ ಹೆಂಗ ತುಂಬಸ್ಬೇಕು ಅನ್ನೂದನ್ನ ವೈಜ್ಞಾನಿಕವಾಗಿ ಕಲಿಸಿದ್ರು’ ಎಂದರು. ನಮ್ಮ ರಾಜ್ಯಕ್ಕೂ ಒಂದು ಯಂತ್ರ ಬಂದಿತ್ತಂತೆ, ನೀರಿನ ವಯಸ್ಸು ಇಲ್ಲೇ ನೋಡಲು. ಅದನ್ನಿಡಲು ತಂಪು ಕೋಣೆ ಬೇಕು, ತಂಪು ಕೋಣೆಗೆ ಇನ್ನೊಂದು ಇಲಾಖೆಯ ಒಪ್ಪಿಗೆ ಬೇಕು. ಕಟ್ಟಿಗೆಯ ಪೆಟ್ಟಿಗೆಯನ್ನು ಬಿಚ್ಚಿರಲಿಲ್ಲ. ಅದರ ಮೇಲೆ ಜವಾನ ಊಟದ ಡಬ್ಬಿ ಇಡುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಒಳ್ಳೆಯ ಎತ್ತರ ಇತ್ತು, ಬೆಕ್ಕಿಗೆ ಎಟುಕುತ್ತಿರಲಿಲ್ಲ.

ಒಂದು ವರ್ಷ ಕಳೆದು ವರದಿ ಬಂತು. ಸವದತ್ತಿಯಲ್ಲಿ ಸಭೆ ಮಾಡಿ ಹಂಚಿದರು. ದಪ್ಪ ಹಾಳೆ, ಬಣ್ಣದ ನಕಾಶೆ. ನಾವು ಬಾಟಲಿ ತುಂಬಿಸಿಕೊಂಡ ಬೋರುಗಳೆಲ್ಲ ನಕಾಶೆಯಲ್ಲಿ ಕೆಂಪು ಚುಕ್ಕೆ: ಹಳೆಯ ನೀರು. ಒಂದೇ ಒಂದು ನೀಲಿ ಚುಕ್ಕೆ. ಆಯಿಯ ಬೋರು. ಹೊಸ ನೀರು, ಮಳೆಯಿಂದ ಮಳೆಗೆ ತುಂಬುವ ನೀರು.

ಇಲ್ಲಿ ನಾನು ನನ್ನ ತಪ್ಪು ಹೇಳಿಯೇ ಮುಂದೆ ಹೋಗಬೇಕು. ಆ ನೀಲಿ ಚುಕ್ಕೆ ನೋಡಿದಾಗಲೇ ನನಗೆ ಇರುಸುಮುರುಸಾಯಿತು. ಆ ಬೋರನ್ನು ಕೊರೆಸಿದವನು ನಾನು. ಮುನ್ನೂರು ಅಡಿ ಗಟ್ಟಿ ಕಲ್ಲಿನ ಕೆಳಗೆ ಸಿಕ್ಕ ನೀರು ಅದು. ಎರಡು ಮಳೆಗಾಲದಲ್ಲಿ ಹಗ್ಗ ಬಿಟ್ಟು ನೋಡಿದ್ದೆ, ಒಂದು ಗೇಣೂ ಮೇಲೆ ಬಂದಿರಲಿಲ್ಲ. ಸುತ್ತಲಿನ ಬೋರುಗಳೆಲ್ಲ ಹಳೆಯ ನೀರು, ಇದೊಂದು ಹೊಸದು ಹೇಗೆ? ಎತ್ತು ಕೊಳ್ಳುವಾಗ ಹಲ್ಲು ಎಣಿಸದೆ ಹಗ್ಗ ಹಿಡಿಯದವನು ನಾನು. ಅಂಥವನು ಬಾಯಿ ಮುಚ್ಚಿಕೊಂಡು ಕೂತೆ. ಯಾಕೆಂದರೆ ಟ್ಯಾಂಕು ತುಂಬಿಸುವ ದೊಡ್ಡ ಮೋಟರ್ ನನ್ನ ಅಂಗಡಿಯಿಂದ ಹೋಗುವುದಿತ್ತು. ತನಗೆ ಹಿಡಿಸಿದ ಕಾಗದವನ್ನು ಪ್ರಶ್ನೆ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಅದು ಪರದೇಶದ ಕಾಗದವಾದರೆ ಇನ್ನೂ ಕಷ್ಟ. ಮನಸ್ಸಿಗೆ ಹಿಡಿಸಿದ ಕಾಗದವನ್ನೇ ಮೊದಲು ಎರಡು ಸಲ ಓದಿ ಎನ್ನುವುದು ಆಮೇಲೆ ನಾನು ಕಲಿತ ಪಾಠ.

ಟ್ಯಾಂಕು ಎದ್ದಿತು. ಓಣಿಗೊಂದು ನಲ್ಲಿ ಬಂತು. ಸವುಳಾದರೂ ನಲ್ಲಿ ನಲ್ಲಿಯೇ. ಹಿತ್ತಲಿನ ಕೆಲಸಕ್ಕೆಲ್ಲ ಹೆಂಗಸರು ಕೊಡ ಹೊರುವುದು ತಪ್ಪಿತು. ಹೊಳೆಯ ಪೈಪಿನ ಪಟ್ಟಿಯಿಂದ ಊರಿನ ಹೆಸರು ಹೋಯಿತು. ಅದಕ್ಕೆ ಯಾರೂ ಅಳಲಿಲ್ಲ.

ಮೂರನೆಯ ಬೇಸಿಗೆಗೆ ಮೋಟರ್ ಗಾಳಿ ಎಳೆಯತೊಡಗಿತು. ನಾನು ಹೋಗಿ ಎರಡು ಪೈಪು ಇಳಿಸಿದೆ. ಹದಿನೈದು ದಿನ ಬಂತು. ಮತ್ತೆ ಎರಡು ಇಳಿಸಿದೆ. ಆಮೇಲೆ ಇಳಿಸಲು ತಳವೇ ಉಳಿಯಲಿಲ್ಲ. ನಲ್ಲಿಗಳ ಕೆಳಗೆ ಕೊಡಗಳ ಸಾಲು, ಪಕ್ಕದಲ್ಲಿ ಹೆಂಗಸರ ಸಾಲು. ಹೆಂಗಸರಿಗೆ ಇಲಾಖೆ ಕಾಣುತ್ತಿರಲಿಲ್ಲ, ಪರದೇಶ ಕಾಣುತ್ತಿರಲಿಲ್ಲ, ಕಾಣುತ್ತಿದ್ದವನು ನಾನೊಬ್ಬನೇ.

‘ಮೋಟರ್ ಮಾರೂ ಮುಂದ ನಿನಗ ಬಾಯಿ ಭಾಳ ಇತ್ತಲ್ಲ, ಈಗೇನಾತೋ?’ ಎಂದಳು ಆಯಿ ಎಲ್ಲರೆದುರಿಗೆ. ‘ಆ ಕೊಳವ್ಯಾಗ ಬಾಯಿ ಇಟ್ಟು ಮಾತಾಡು. ನೀರರ ಬರ್ತಾವೇನು ನೋಡೂಣು.’

ಇಲಾಖೆಗೆ ಮೂರು ಅರ್ಜಿ ಬರೆಸಿದೆ. ಉತ್ತರ ಬರಲಿಲ್ಲ, ಜೀಪು ಬಂತು. ಅದೂ ನಮ್ಮ ಅರ್ಜಿಗಲ್ಲ. ನೆರವು ಕೊಟ್ಟವರಿಗೆ ಯೋಜನೆಯ ‘ಯಶಸ್ಸಿನ ಪರಿಶೀಲನೆ’ ಮಾಡಬೇಕಾಗಿತ್ತಂತೆ. ನಕಾಶೆಯಲ್ಲಿದ್ದ ಒಂದೇ ನೀಲಿ ಚುಕ್ಕೆ ನೋಡಲು ಅದೇ ಮೂವರು ಮತ್ತೆ ಬಂದರು. ಟ್ಯಾಂಕಿನ ಕೆಳಗೆ ನಿಂತು ಪರದೇಶದವರು ನಲ್ಲಿ ತಿರುಗಿಸಿದರು. ನಲ್ಲಿ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಅವರ ಪುಸ್ತಕ ಅಂದು ಮೊದಲ ಸಲ ಮುಚ್ಚಿಕೊಂಡಿತು.

ಆಯಿಯ ಕಟ್ಟೆಯ ಮೇಲೆ ಕೂತು ಬಾಯಿ ಹಣೆ ಒತ್ತಿಕೊಳ್ಳುತ್ತಿದ್ದರು. ‘ಪ್ರಯೋಗಾಲಯದವರು ತಪ್ಪು ಮಾಡಿಲ್ಲ. ಎರಡು ಸಲ ನೋಡಿದಾರೆ. ಹೊಸ ನೀರೇ. ಹೊಸ ನೀರು ಹೀಗೆ ಬತ್ತಿಹೋಗೋಕೆ ಸಾಧ್ಯಾನೇ ಇಲ್ಲ.’

ಈ ಸಲ ಉಪ್ಪಿನ ಯಂತ್ರಕ್ಕೆ ಬ್ಯಾಟರಿ ಇತ್ತು. ಹಿತ್ತಲಿನ ತೊಟ್ಟಿಯಲ್ಲಿ ಬೋರಿನ ನೀರು ಸ್ವಲ್ಪ ಉಳಿದಿತ್ತು, ಅದರಲ್ಲಿ ಅದ್ದಿದರು. ಯಂತ್ರದ ಅಂಕಿ ಏರಿತು. ಅಷ್ಟರಲ್ಲಿ ಆಯಿ ಎಲ್ಲರಿಗೂ ತಂಬಿಗೆಯಲ್ಲಿ ಕುಡಿಯುವ ನೀರು ತಂದಿಟ್ಟಳು. ಬಾಯಿ ಸುಮ್ಮನೆ ಅದರಲ್ಲೂ ಅದ್ದಿದರು. ಅಂಕಿ ಪಾತಾಳಕ್ಕೆ ಇಳಿಯಿತು.

‘ಅಜ್ಜಿ, ಇದು ಎಲ್ಲಿ ನೀರು?’

‘ಹಳ್ಳದ ಬಾವೀದು. ಬಂದವ್ರಿಗೆ ಸವುಳು ಕೊಡ್ತಾರೇನವ್ವಾ?’

ಬಾಯಿ ಅವಳ ಮುಖವನ್ನೇ ನೋಡಿದರು. ಮೆಲ್ಲಗೆ ಕೇಳಿದರು: ‘ಅಜ್ಜಿ, ಅವತ್ತು ಬಾಟಲಿಗೆ ಯಾವ ನೀರು ತುಂಬಿಸಿದ್ರಿ?’

‘ನೀ ಹೇಳಿದಂಗ ಮಾಡೇನಿ. ಅರ್ಧ ತಾಸು ಮೋಟರ್ ಹಚ್ಚಿದೆ. ತುಂಬಸಿದೆ. ಒಂದೀಟು ಬಾಯಿಗೆ ಹಾಕ್ಕೊಂಡು ನೋಡಿದೆ, ಥೂ!’ ಆಯಿ ಅಂದಿನಂತೆಯೇ ಮುಖ ಕಿವುಚಿದಳು. ‘ಇಮಾನದಾಗ ಹೋಗಿ ಪರದೇಶದ ಮಂದಿ ಕೈಯಾಗ ಹೋಗೂ ನೀರು. ನಮ್ಮೂರ ಹೆಸರು ಬ್ಯಾರೆ ಬರಿಯೂದಿತ್ತು ಅದರ ಮ್ಯಾಲ. ಅಂಥಾ ನೀರು ಕಳಸಿದ್ರ ಊರ ಮರ್ಯಾದಿ ಉಳೀತೈತೇನು? ಚೆಲ್ಲಿದೆ. ಬಾಟ್ಲಿ ಬೂದಿ ಹಚ್ಚಿ ತೊಳದು, ಸೊಸೀನ ಹಳ್ಳದ ಬಾವಿಗೆ ಕಳಿಸಿ, ಅರಿವಿ ಬಟ್ಟೀಲೆ ಸೋಸಿ ತುಂಬಸಿದೆ. ಮ್ಯಾಲೆ ಇವ ಬ್ಯಾರೆ ಹೇಳಿದ್ದ, ಪಾಸಾಗಬೇಕು ಅಂತ. ಪಾಸಾತಿಲ್ಲೋ?’

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಟ್ಯಾಂಕಿನ ಕಡೆ ತಿರುಗಿದೆ.

ಬಾಯಿ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ ಮೇಲೆ ಪರದೇಶದವರು ಮುಚ್ಚಿದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. ಆಮೇಲೆ ನಗಲು ಶುರು ಮಾಡಿದವರು ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡು ನಕ್ಕರು. ಅಧಿಕಾರಿ ಮಾತ್ರ ನಗಲಿಲ್ಲ. ‘ವರದಿ ಪ್ರಿಂಟಾಗೇತಿ. ಫೈಲು ಮುಚ್ಚೇತಿ. ದಿಲ್ಲಿಗೆ ಹೋಗೇತಿ. ಈ ಮಾತು ಇಲ್ಲಿಗೇ ಬಿಡ್ರಿ’ ಎಂದು ಕೈಚೀಲ ಎತ್ತಿಕೊಂಡರು.

‘ಬಿಟ್ರ ನಾವೇನು ಕುಡೀಬೇಕ್ರಿ?’ ಎಂದಳು ಆಯಿ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ‘ನನ್ನ ತಪ್ಪಾದ್ರ ನನಗ ಬೈರಿ. ನಾಕ ಓಣಿ ಹೆಣ್ಮಕ್ಳು ಏನ್ ಮಾಡ್ಯಾರ?’

ಮರ್ಯಾದೆಗೆಂದು ಒಂದು ಬಾಟಲಿ ಒಳ್ಳೆಯ ನೀರು ಕಳಿಸಿದ್ದಕ್ಕೆ ಊರು ಹೊಳೆಯ ಪೈಪನ್ನೂ ಕಳೆದುಕೊಂಡಿತ್ತು, ಬೋರನ್ನೂ ಕಳೆದುಕೊಂಡಿತ್ತು. ಅದರಲ್ಲಿ ನನ್ನ ಪಾಲೂ ಇತ್ತು. ಅಧಿಕಾರಿ ಜೀಪಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ನಾನು ಅಡ್ಡ ನಿಂತೆ. ನನ್ನ ಜೀವನದಲ್ಲಿ ನಾನು ಮಾಡಿದ ಒಳ್ಳೆಯ ಚೌಕಾಸಿ ಅದು.

‘ಸಾಹೇಬ್ರ, ವರದಿ ಸುಳ್ಳೇನ್ರಿ?’

‘ಸುಳ್ಳ ಯಾಕಿರ್ತೈತಿ? ಅಂತರರಾಷ್ಟ್ರೀಯ ವರದಿ.’

‘ಹಂಗಾರ ಹೊಸ ನೀರು ಖರೇ. ಮಳಿಗೊಮ್ಮೆ ತುಂಬೂದೂ ಖರೇ. ಆದ್ರ ಆ ನೀರು ಇರೂದು ಹಳ್ಳದ ಬಾವ್ಯಾಗ. ನಿಮ್ಮ ನೀಲಿ ಚುಕ್ಕಿ ಒಂದು ಫರ್ಲಾಂಗು ಮ್ಯಾಲ ಸರದೈತಿ, ಅಷ್ಟ. ಕೆಳಗ ಇಳಿಸಿ ಬಿಡ್ರಿ.’

‘ಚುಕ್ಕಿ ಇಳಿಸೂದಂದ್ರ?’

‘ಪ್ರಿಂಟಿನವ್ರ ತಪ್ಪು ಅಂತ ಒಂದು ಚೀಟಿ ಹಚ್ಚರಿ. ನಿಮ್ಮ ತಪ್ಪಲ್ಲ, ಆಯೀದಲ್ಲ, ಪರದೇಶದವ್ರದಲ್ಲ. ಬಾವಿ ಹೂಳು ತಗಸೂದು, ಅಲ್ಲಿಂದ ಟ್ಯಾಂಕಿಗೆ ಪೈಪು ಹಾಕೂದು, ಇಷ್ಟು ನಿಮ್ಮ ಪರಿಶೀಲನೆ ಖರ್ಚಿನ್ಯಾಗ ಕೂಡಸ್ರಿ. ಹೊಳಿ ಪೈಪಿನ ಪಟ್ಟಿಗೆ ಊರ ಹೆಸರು ಮತ್ತ ಹಾಕ್ರಿ.’

‘ಪಟ್ಟಿ ನನ್ನ ಕೈಯಾಗಿಲ್ಲ.’

‘ಚೀಟಿ ನಿಮ್ಮ ಕೈಯಾಗ ಐತಲಾ. ಇಲ್ಲಾಂದ್ರ ನಿಮ್ಮ ನೀಲಿ ಚುಕ್ಕಿಗೆ ನೀರು ಬರಂಗಿಲ್ಲ ಅಂತ ನಾಳೆ ಪೇಪರಿನವ್ರ ಬಂದು ಆಯೀನ ಕೇಳ್ತಾರ. ಆಯಿ ಸುಳ್ಳ ಹೇಳಂಗಿಲ್ಲ, ನೀವ ನೋಡಿದ್ರಿ.’

ಬಾಯಿ ನಡುವೆ ಬಂದರು. ಮೊದಲು ಬಾವಿಯ ನೀರನ್ನೂ ಬೋರಿನ ತಳದಲ್ಲಿ ಉಳಿದಿದ್ದ ಒಂದಿಷ್ಟು ನೀರನ್ನೂ ತಾವೇ ಬೇರೆ ಬೇರೆ ತುಂಬಿಸಿ ಮತ್ತೊಮ್ಮೆ ನೋಡಿಸುವುದಾಗಿ, ಆಮೇಲೆ ಚೀಟಿಗೆ ತಾವೇ ಸಹಿ ಹಾಕುವುದಾಗಿ ಹೇಳಿದರು. ಅದು ನನ್ನ ಮಾತಿಗಿಂತ ನೆಟ್ಟಗಿತ್ತು, ಒಪ್ಪಿಕೊಂಡೆ. ಬೋರಿನ ಬಾಟಲಿ ತುಂಬಿಸುವಾಗ ಆಯಿಯನ್ನು ಹತ್ತಿರ ಬಿಡಲಿಲ್ಲ. ಅವಳು ದೂರದಿಂದಲೇ, ‘ಅದನ್ನ ಕಳಸ್ಬ್ಯಾಡ್ರೆವ್ವಾ, ಉಗಳ್ತಾರ’ ಎನ್ನುತ್ತಿದ್ದಳು.

ಫಲಿತಾಂಶ ಈ ಸಲ ನಾಲ್ಕೇ ತಿಂಗಳಲ್ಲಿ ಬಂತು. ಬಾವಿ ಹೊಸದು, ಬೋರು ಹಳೆಯದು. ಇಷ್ಟನ್ನು ನಾನು ಹಗ್ಗ ಬಿಟ್ಟು ನೋಡಿ ಹೇಳುತ್ತಿದ್ದೆ, ಆದರೆ ನನ್ನ ಹಗ್ಗಕ್ಕೆ ಮುದ್ರೆ ಇಲ್ಲ. ಬಾವಿಯ ಹೂಳು ತೆಗೆಸಿದಾಗ ಮೂರು ಆಳೆತ್ತರದಷ್ಟು ಕೆಸರು ಬಂತು, ಜೊತೆಗೆ ಹದಿನಾರು ಕೊಡ, ಒಂದು ರಾಟೆ. ಹಳ್ಳಕ್ಕೆ ಅಡ್ಡಲಾಗಿ ಊರವರೇ ಒಂದು ಒಡ್ಡು ಹಾಕಿದರು. ಬೋರಿನಿಂದ ದೊಡ್ಡ ಮೋಟರ್ ಎತ್ತಿಕೊಂಡು, ಬಾವಿಗೆ ಸಣ್ಣದನ್ನು ನಾನು ಪುಕ್ಕಟೆ ಹಾಕಿಕೊಟ್ಟೆ. ವ್ಯಾಪಾರಿಗಳು ಇದನ್ನು ಅನುಸರಿಸಬೇಕಾಗಿಲ್ಲ.

ಟ್ಯಾಂಕು ಪೂರ್ತಿ ತುಂಬುವುದಿಲ್ಲ. ಬೆಳಿಗ್ಗೆ ಒಂದು ತಾಸು ನಲ್ಲಿ ಬರುತ್ತದೆ, ಕಡು ಬೇಸಿಗೆಯಲ್ಲಿ ಅರ್ಧ ತಾಸು. ಓಣಿಯಲ್ಲಿ ಜಗಳ ತಪ್ಪಿಲ್ಲ. ಆದರೆ ಬೇಳೆ ಬೇಯುತ್ತದೆ. ಹೊಳೆಯ ಪೈಪಿನ ವಿಷಯ ಪರಿಶೀಲನೆಯಲ್ಲಿದೆ ಎಂಬ ಕಾಗದ ನಾನು ಇದನ್ನು ಬರೆಯುವವರೆಗೆ ಮೂರು ಸಲ ಬಂದಿದೆ.

ಅದರ ಮರುವರ್ಷ ಬಾಯಿ ಅಂಚೆಯಲ್ಲಿ ಒಂದು ಹೊಳಪಿನ ಪುಸ್ತಿಕೆ ಕಳಿಸಿದರು. ನೆರವು ಕೊಟ್ಟವರು ಜಗತ್ತಿಗೆಲ್ಲ ಹಂಚಿದ್ದು. ಒಳಗೆ ಇಡೀ ಪುಟದ ಫೋಟೋ: ನಲ್ಲಿಯ ಕೆಳಗೆ ಕೊಡ ಹಿಡಿದು ನಿಂತ ಆಯಿ. ಕೆಳಗಿನ ಇಂಗ್ಲಿಷನ್ನು ಕಾಲೇಜಿನ ಮಾಸ್ತರರಿಂದ ಓದಿಸಿದೆ. ಅಣು ವಿಜ್ಞಾನದ ನೆರವಿನಿಂದ ಈ ಹಳ್ಳಿ ತನ್ನ ಕಾಲ ಕೆಳಗಿದ್ದ ಸಿಹಿನೀರನ್ನು ಕಂಡುಕೊಂಡಿತು ಎಂದು ಬರೆದಿದ್ದರು. ಅದನ್ನು ಹಿಡಿದುಕೊಂಡು ಆಯಿಯ ಮನೆಗೆ ಹೋದೆ, ಅರ್ಥ ಹೇಳಿದೆ.

‘ಕಂಡುಕೊಂಡ್ವಿ?’ ಎಂದಳು. ‘ನಮ್ಮತ್ತಿ ಕಾಲದಿಂದ ಆ ಬಾವಿ ನೀರ ಕುಡೀತೇವಿ.’

‘ಸುಳ್ಳ ಬರದೀರಿ ಅಂತ ಅವ್ರಿಗೆ ಒಂದು ಪತ್ರ ಹಾಕ್ಲೇನು ಆಯಿ?’

ಅವಳು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಸೆರಗು ಸರಿಯಾಗಿ ಬಂದಿದೆಯೇ ಎಂದು ಪರೀಕ್ಷೆ ಮಾಡಿದಳು.

‘ಬ್ಯಾಡ ಬಿಡೋ. ಮತ್ತ ಎದ್ದು ಬರ್ತಾರ, ಮತ್ತ ಎಲ್ಲಾರಿಗೂ ಚಾ ಮಾಡ್ಬೇಕು. ಅಷ್ಟು ನೀರು ಎಲ್ಲಿಂದ ತರ್ಲಿ?’